ಸ್ವೀಡನ್ ಬಂದೂಕಿಗೆ ಆಯುಧಪೂಜೆ

೨೦೦೯ರ ಸೆಪ್ಟೆಂಬರ್ ಇಪ್ಪತ್ತೇಳು, ಭಾನುವಾರ, ಬೆಳಿಗ್ಗೆ ಆರೂ ಕಾಲು. ಸ್ಥಳ: ಅಮೆರಿಕದ ಇಲಿನಾಯ್ ರಾಜ್ಯದ ಡೌನರ್ಸ್ ಗ್ರೋವ್‌ನ ನಮ್ಮ ಮನೆಯ ಬೇಸ್‌ಮೆಂಟ್. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾರದಾ, ಮತ್ತು ಮೇಜಿನ ಮೇಲೆ ಮಲಗಿದ್ದ ಸ್ವೀಡನ್ ದೇಶದ ಒಂದು ಹಳೆಯ ಬೇಟೆ ಬಂದೂಕು. ಬಂದೂಕಿನ ಒಡೆಯ ಕಾರ್ಲ್ ಮೇಲಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಗೊರಕೆ ಎರಡು ಅಂತಸ್ತು ಇಳಿದು ಬೇಸ್‌ಮೆಂಟಿಗೂ ಕೇಳಿಸುತ್ತಿದ್ದುದರಿಂದ ಅವನಿಗೂ ಅರ್ಧ ಹಾಜರಿ ಕೊಡಬಹುದು.

ಹೀಗೆ ದಿನಾಂಕ, ಗಂಟೆ, ಹಾಜರಿ ಬರೆಯದೆ ನನಗೆ ಯಾವ ಕೆಲಸವನ್ನೂ ಶುರು ಮಾಡಲು ಬರುವುದಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತರಬೇತಿ ಶಾಲೆ ಸೇರಿದೆ. ಅಲ್ಲಿ ಮೊದಲ ಆರು ತಿಂಗಳು ಒಂದೇ ಕೆಲಸ: ಮುಷ್ಟಿ ಗಾತ್ರದ ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದು. ಆರು ಮುಖವೂ ನೇರವಾದ ದಿನ ಓಡಿಹೋಗಿ ಮೇಷ್ಟ್ರಿಗೆ ತೋರಿಸಿದೆ. ಅವರು ಅದನ್ನು ಡ್ರಮ್ಮಿಗೆ ಎಸೆದು ಇನ್ನೊಂದು ತುಂಡು ಕೊಟ್ಟರು. ಆ ದಿನ ಅವರನ್ನು ಶಪಿಸಿದೆ. ಈಗ ಅರವತ್ತೊಂಬತ್ತರಲ್ಲಿ, ಊಟದ ತಟ್ಟೆಯಲ್ಲಿ ಕೋಸಂಬರಿ ಚಿತ್ರಾನ್ನದ ಗಡಿ ದಾಟಿದರೂ ಮನಸ್ಸು ಅರ ಹುಡುಕುತ್ತದೆ.

ಮುಂದೆ ಹೋಗುವ ಮೊದಲು ಒಂದು ತಪ್ಪೊಪ್ಪಿಗೆ. ತಪ್ಪು ಎಂದು ನಾನು ಒಪ್ಪುವುದಿಲ್ಲ, ಒಪ್ಪಿಗೆ ಮಾತ್ರ. ನಾನು ಹುಟ್ಟಾ ಸಸ್ಯಾಹಾರಿ. ಈ ಕೈಯಿಂದ ಒಂದು ಗುಂಡನ್ನೂ ಹಾರಿಸಿದವನಲ್ಲ. ಆದರೂ ಕಳೆದ ಹದಿನೈದು ವರ್ಷಗಳಿಂದ ಸ್ವೀಡನ್ನಿನ ಹಳೆಯ ಬೋಲ್ಟ್ ಬಂದೂಕುಗಳನ್ನು, ಅಂದರೆ ಚಿಲಕದಂತೆ ಎತ್ತಿ ಎಳೆದು ತೆರೆಯುವಂಥವನ್ನು, ಗುರುತಿಸುವುದು, ತುಕ್ಕು ತೆಗೆಯುವುದು, ಎಣ್ಣೆ ಹಚ್ಚುವುದು ನನ್ನ ವಾರದ ಕಡೆಯ ಕೆಲಸ. ಇಲಿನಾಯ್ ರಾಜ್ಯದಲ್ಲಿ ಬಂದೂಕು ಇಟ್ಟುಕೊಳ್ಳಲು ಒಂದು ಕಾರ್ಡು ಬೇಕು, ಅದು ಜೇಬಿನಲ್ಲಿದೆ. ತೋಟಾ ಈ ಮನೆಯ ಹೊಸ್ತಿಲು ದಾಟಿಲ್ಲ, ದಾಟುವುದೂ ಇಲ್ಲ. ಬಂದ ಬಂದೂಕಿನ ಬೋಲ್ಟ್ ತೆರೆದು, ಕಣ್ಣಿಂದ ನೋಡಿ, ಬೆರಳು ಹಾಕಿ ನೋಡಿ, ಖಾಲಿ ಎಂದು ಬರೆದುಕೊಂಡ ಮೇಲೆಯೇ ಮುಂದಿನ ಮಾತು.

ಇದು ಗೊತ್ತಾದಾಗಿನಿಂದ ನಮ್ಮ ಕನ್ನಡದವರಿಗೆ ನೆಮ್ಮದಿಯಿಲ್ಲ. ಕಳೆದ ಗಣೇಶನ ಹಬ್ಬದ ಊಟದ ಸಾಲಿನಲ್ಲಿ, ಹೃದಯದ ಡಾಕ್ಟರಾಗಿರುವ ಒಬ್ಬ ಹುಡುಗ ತಟ್ಟೆ ಹಿಡಿದುಕೊಂಡೇ ಕೇಳಿದ: "ಅಂಕಲ್, ನೀವು ಮೊಟ್ಟೆ ಇದೆ ಅಂತ ಕೇಕ್ ಕೂಡ ಮುಟ್ಟಲ್ಲ. ಜಿಂಕೆ ಹೊಡೆಯೋ ಗನ್ ರಿಪೇರಿ ಮಾಡ್ತೀರಂತೆ. ಡಸಂಟ್ ಇಟ್ ಬಾದರ್ ಯೂ?"

"ನೀನು ಹಾರ್ಟ್ ರಿಪೇರಿ ಮಾಡ್ತೀಯಲ್ಲಪ್ಪ," ಎಂದೆ. "ವಾಸಿಯಾದ ಮೇಲೆ ಅವರು ಯಾರ್ಯಾರನ್ನ ಲವ್ ಮಾಡಿದ್ರು ಅಂತ ವಿಚಾರಿಸ್ತೀಯಾ?"

ಸಾಲು ನಕ್ಕಿತು. ಅವನ ಹೆಂಡತಿ ಸ್ವಲ್ಪ ಹೆಚ್ಚಾಗಿಯೇ ನಕ್ಕಳು. ನನ್ನ ಉತ್ತರ ತರ್ಕಕ್ಕೆ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ಪಾಯಸದ ಸಾಲಿಗೆ ಸಾಕಾಯಿತು. ನಿಜವಾದ ಉತ್ತರ ಇಷ್ಟೆ: ಚೆನ್ನಾಗಿ ಮಾಡಿದ ವಸ್ತುವನ್ನು ತುಕ್ಕಿಗೆ ಬಿಡುವುದು ನನ್ನ ಮಟ್ಟಿಗೆ ಪಾಪ. ಅದು ವೀಣೆಯ ತಂತಿಯಾಗಲಿ, ಬಂದೂಕಿನ ನಳಿಗೆಯಾಗಲಿ, ತುಕ್ಕು ಜಾತಿ ಕೇಳಿ ಹಿಡಿಯುವುದಿಲ್ಲ.

ಈ ಹುಚ್ಚು ಹಿಡಿಸಿದವನು ಕಾರ್ಲ್. ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ, ಕಾರಿನ ಭಾಗಗಳನ್ನು ಮಾಡುವ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ನಾವಿಬ್ಬರೂ ಒಟ್ಟಿಗೆ ಇದ್ದೆವು. ಅವನು ಅಚ್ಚು ಮಾಡುವವನು, ನಾನು ಅಳೆದು ಪಾಸು ಅಥವಾ ಫೇಲು ಎನ್ನುವವನು. ಅಂದರೆ ನಾವು ಸ್ನೇಹಿತರಾಗಲು ಯಾವ ಕಾರಣವೂ ಇರಲಿಲ್ಲ. ಒಂದು ದಿನ ಅವನ ಅಪ್ಪನ ಬಂದೂಕಿನ ಒಂದು ಸ್ಕ್ರೂ ಕಳೆದುಹೋಯಿತು. ಅದರ ಮರೆ, ಅಂದರೆ ಮೈಮೇಲಿನ ಸುತ್ತುಗೆರೆ, ಅಮೆರಿಕದ ಯಾವ ಸ್ಕ್ರೂಗೂ ಹೊಂದುತ್ತಿರಲಿಲ್ಲ. ಉಳಿದ ಇನ್ನೊಂದನ್ನು ಅಳೆದು, ಅವನ ಗ್ಯಾರೇಜಿನ ಲೇತಿನಲ್ಲಿ ಮೂರು ಶನಿವಾರ ಕೂತು ಹೊಸದು ಮಾಡಿಕೊಟ್ಟೆ. ಅದಾದಮೇಲೆ ಮಿಷಿಗನ್ನಿನ ಉತ್ತರದ ಕಾಡಿಗೆ ಬೇಟೆಗೆ ಹೋಗುವ ಅವನ ಸ್ವೀಡಿಷ್ ಬಂಧುಗಳೆಲ್ಲ ಒಬ್ಬೊಬ್ಬರಾಗಿ ತಮ್ಮ ಬಂದೂಕು ತಂದರು. ನಾನು ಎರಡು ವರ್ಷದ ಹಿಂದೆ ನಿವೃತ್ತನಾಗಿ, ಗ್ಲೆಂಡೇಲ್ ಹೈಟ್ಸ್‌ನಲ್ಲಿರುವ ಮಗಳಿಗೆ ಹತ್ತಿರವೆಂದು ಈ ಕಡೆ ಬಂದೆ. ಕಾರ್ಲ್ ಅಲ್ಲೇ ಉಳಿದ. ಈ ವಸಂತದಲ್ಲಿ ಕಾರ್ಖಾನೆ ಮುಚ್ಚಿತು.

ಕೊನೆಯ ದಿನ ನಾನೂ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಒಂದೊಂದು ಯಂತ್ರವನ್ನೂ ಬಿಚ್ಚಿ ಮಾರುತ್ತಿದ್ದರು: ಮೋಟರು ಒಬ್ಬನಿಗೆ, ಹಾಸು ಒಬ್ಬನಿಗೆ, ಉಳಿದದ್ದು ಗುಜರಿಗೆ. ನಾನು ಇಪ್ಪತ್ತಾರು ವರ್ಷ ಅಳತೆ ಹಿಡಿದ ಕರಿ ಗ್ರಾನೈಟ್ ಹಾಸನ್ನು ಒಬ್ಬಾತ ಹಿತ್ತಲಿನ ಬಾರ್ಬೆಕ್ಯೂ ಪಕ್ಕ ಹಾಕಿಸಲು ಕೊಂಡುಹೋದ. ಕೂದಲೆಳೆಯ ಹತ್ತನೇ ಒಂದರಷ್ಟು ಏರುಪೇರಿಲ್ಲದ ಹಾಸಿನ ಮೇಲೆ ಇನ್ನು ಸಾಸೇಜು ಸಮತಟ್ಟಾಗಿ ಕೂರುತ್ತದೆ. ಕಾರ್ಲ್ ತನ್ನ ಡಬ್ಬಿ ಎತ್ತಿಕೊಂಡು, ಲಾಕರಿನ ಮೇಲಿದ್ದ ತನ್ನ ಹೆಸರಿನ ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟ.

ಈಗ ಬಂದೂಕಿನ ವಿಷಯ. ಸ್ವೀಡನ್ನಿನ ಹಳೆಯ ಬೇಟೆ ಬಂದೂಕಿನ ತೊಂದರೆಯೆಂದರೆ, ಅದು ತನ್ನ ಮಾದರಿಯ ಹೆಸರನ್ನು ಮೈಮೇಲೆ ಬರೆದುಕೊಂಡು ಓಡಾಡುವುದಿಲ್ಲ. ನಮ್ಮ ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದಂತೆ, ಸುತ್ತಿ ಬಳಸಿ ಸುಳಿವು ಕೊಡುತ್ತದೆ. ಬೋಲ್ಟನ್ನು ಮುಂದೆ ತಳ್ಳಿ ಮುಚ್ಚುವಾಗ ಸ್ಪ್ರಿಂಗು ಬಿಗಿಯಾದರೆ ಹಳೆಯ ಕಾಲದ್ದು. ಎತ್ತಿ ತೆರೆಯುವಾಗ ಬಿಗಿಯಾದರೆ ನಂತರದ್ದು. ಇದನ್ನು ಕಣ್ಣು ಮುಚ್ಚಿಕೊಂಡು ಹೇಳಬಹುದು. ನಳಿಗೆ ಮೆಟ್ಟಿಲುಮೆಟ್ಟಿಲಾಗಿ ಸಣ್ಣದಾದರೆ ಸೈನ್ಯದ ವಾಸನೆ. ನುಣುಪಾಗಿ ಇಳಿದರೆ ಬೇಟೆಯದು. ಅಗಲವಾದ ರಂಧ್ರವಿದ್ದರೆ ಮೂಸ್ ಎಂಬ ಪ್ರಾಣಿಗಾಗಿ ಮಾಡಿದ್ದು. ಮೂಸ್ ಅಂದರೆ ನಮ್ಮ ಕಡವೆಗೆ ದೊಡ್ಡಪ್ಪನ ಮಗ ಅಂದುಕೊಳ್ಳಿ, ಎರಡು ಪಟ್ಟು ತೂಕ. ಇದೆಲ್ಲ ಆದಮೇಲೆ ಅಂಕಿಗಳು. ಬೋಲ್ಟ್ ಓಡಾಡುವ ಉಕ್ಕಿನ ಗೂಡಿನ ಮೇಲೆ ಒಂದು ಸಂಖ್ಯೆ, ನಳಿಗೆಯ ಬುಡದಲ್ಲಿ ಒಂದು. ಎರಡೂ ಒಂದೇ ಆಗಿದ್ದರೆ ಇವು ಹುಟ್ಟಿನಿಂದ ಜೊತೆಗಿದ್ದವು. ಬೇರೆಯಾದರೆ ಎರಡನೇ ಸಂಬಂಧ.

ಕಾರ್ಲನ ಬಂದೂಕಿನಲ್ಲಿ ಗೂಡಿನ ಸಂಖ್ಯೆ ಸ್ಪಷ್ಟವಾಗಿತ್ತು. ನಳಿಗೆಯದು ಸವೆದುಹೋಗಿತ್ತು. ಅವನ ಅಪ್ಪ ನಿಲ್ಸ್ ಬಹಳ ಶುಚಿಯ ಮನುಷ್ಯ. ಪ್ರತಿ ವರ್ಷ ಉಕ್ಕಿನ ನಾರಿನಿಂದ ತಿಕ್ಕಿ ತಿಕ್ಕಿ, ತುಕ್ಕಿನ ಜೊತೆ ಅಂಕಿಯನ್ನೂ ತೊಳೆದಿದ್ದ. ಅತಿಶುಚಿಯೂ ಒಂದು ರೋಗ. ನನಗೂ ಇರುವುದರಿಂದ ಹೇಳುತ್ತಿದ್ದೇನೆ. ಆದರೆ ಯಾರೂ ಆ ಬಂದೂಕನ್ನು ಅನುಮಾನಿಸಿರಲಿಲ್ಲವಾದ್ದರಿಂದ ನಾನೂ ಅದರ ಜಾತಕ ಕೇಳಿರಲಿಲ್ಲ.

ಅನುಮಾನ ಬಂದದ್ದು ಶನಿವಾರ. ನಮ್ಮ ಮನೆಯಿಂದ ಹನ್ನೆರಡು ಮೈಲಿ ದೂರದಲ್ಲಿ ಎರಡು ದಿನದ ಬಂದೂಕಿನ ಮೇಳವಿತ್ತು. ಕಾರ್ಲ್ ಅಪ್ಪನ ಬಂದೂಕಿಗೆ ಬೆಲೆ ಕೇಳಲೆಂದೇ ಡೆಟ್ರಾಯಿಟ್ ಕಡೆಯಿಂದ ಬಂದಿದ್ದ. ಅಲ್ಲಿ ಹಳೆಯ ಯುರೋಪಿನ ಬಂದೂಕುಗಳ ವ್ಯಾಪಾರಿಯೊಬ್ಬ, ನಲವತ್ತರ ಆಸುಪಾಸಿನವನು, ಕುತ್ತಿಗೆಯಲ್ಲಿ ಭೂತಗನ್ನಡಿ, ಮುಂದೆ ಲ್ಯಾಪ್‌ಟಾಪು. ಬಂದೂಕು ತಿರುಗಿಸಿ ನೋಡಿ ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟ. ಗೂಡಿನ ಎಡಗೋಡೆಯಲ್ಲಿ ಹೆಬ್ಬೆರಳು ಇಳಿಯುವಷ್ಟು ಕಚ್ಚು ಇದೆ, ಅದು ಸೈನ್ಯದ ಗುರುತು. ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿ ಹೇಳುತ್ತೇನೆ.

"ಆರ್ಮಿ ಸರ್‌ಪ್ಲಸ್ ಸರ್. ಯಾರೋ ಕಟ್ ಮಾಡಿ ಬೇರೆ ನಳಿಗೆ ಹಾಕಿದ್ದಾರೆ. ಇಡೀ ಬಂದೂಕಾಗಿ ಇದು ಏನೂ ಅಲ್ಲ. ಬೋಲ್ಟ್, ಟ್ರಿಗರ್, ಮರ, ಬಿಡಿಬಿಡಿಯಾಗಿ ಹೋಗುತ್ತೆ."

"ನಮ್ಮಪ್ಪ ಹೊಸದಾಗಿ ಕೊಂಡದ್ದು ಇದು," ಅಂದ ಕಾರ್ಲ್.

"ಎಲ್ಲಾ ಅಪ್ಪಂದಿರೂ ಹಾಗೇ ಹೇಳ್ತಾರೆ ಸರ್."

ಈ ಮಾತು ಎಲ್ಲಿ ಚುಚ್ಚಿತು ಎಂದು ತಿಳಿಯಬೇಕಾದರೆ ನಿಲ್ಸ್‌ನ ಕಥೆ ಗೊತ್ತಿರಬೇಕು. ಅವನು ಆರು ಗಂಡುಮಕ್ಕಳಲ್ಲಿ ಕಡೆಯವನು. ಬೂಟು, ಕೋಟು, ಹಾಸಿಗೆ, ಶಾಲೆಯ ಪುಸ್ತಕ, ಎಲ್ಲವೂ ಐದು ಜನರನ್ನು ದಾಟಿ ಅವನಿಗೆ ಬರುತ್ತಿದ್ದವು. ಎರಡು ಚಳಿಗಾಲ ಕಾಡಿನಲ್ಲಿ ಮರ ಕಡಿದು, ಆ ಸಂಬಳದಲ್ಲಿ ಪೇಟೆಯ ಅಂಗಡಿಯಿಂದ ಈ ಬಂದೂಕನ್ನು ಹೊಸದಾಗಿ ಕೊಂಡ. ಅದನ್ನೇ ಹೊತ್ತು ಹಡಗು ಹತ್ತಿದ. ತಾನು ಮೊದಲಿಗನಾಗಿ ಮುಟ್ಟಿದ ಒಂದೇ ವಸ್ತು ಇದು ಎಂದು ಮಗನಿಗೆ ನೂರು ಸಲ ಹೇಳಿದ್ದ. ಈಗ ಒಬ್ಬ ಕನ್ನಡಿಯವನು, ಅದೂ ಯಾರೋ ಉಟ್ಟು ಬಿಟ್ಟದ್ದೇ ಎನ್ನುತ್ತಿದ್ದಾನೆ. ಕೆಲಸ ಕಳೆದುಕೊಂಡವನ ಮನಸ್ಸು ಹೇಗಿರುತ್ತದೆ ಗೊತ್ತಲ್ಲ. ಕೆಟ್ಟ ಸುದ್ದಿಯನ್ನು ಬಾಗಿಲಲ್ಲೇ ನಂಬಿಬಿಡುತ್ತದೆ. ಕಾರ್ಲ್ ವಾದಿಸಲಿಲ್ಲ. "ನಾಳೆ ಮಧ್ಯಾಹ್ನ ತಂದುಕೊಡ್ತೇನೆ. ಬಿಚ್ಚಿಕೋ," ಅಂದುಬಿಟ್ಟ.

ನನಗೆ ಮೈ ಉರಿಯಿತು. ಕಾರ್ಖಾನೆ ಬಿಚ್ಚಿದರು, ಹಾಸು ಕಿತ್ತರು, ಈಗ ಸತ್ತ ಅಪ್ಪನ ಮಾತನ್ನೂ ಬಿಡಿಭಾಗಕ್ಕೆ ಹಾಕುವುದೇ? "ಕೊಳಕು ಬಂದೂಕನ್ನ ನನ್ನ ಕೈಯಿಂದ ಆಚೆ ಬಿಡಲ್ಲ. ಒಂದು ಬೆಳಿಗ್ಗೆ ಕೊಡು, ಕ್ಲೀನ್ ಮಾಡಿ ಕೊಡ್ತೇನೆ," ಎಂದು ಮನೆಗೆ ತಂದೆ. ನೆಪ ಕ್ಲೀನಿಂಗು. ಉದ್ದೇಶ ಆ ಸವೆದ ಸಂಖ್ಯೆ.

ಹೀಗಾಗಿ ಭಾನುವಾರ ಆರೂ ಕಾಲಿಗೆ ನಾನು ಬೇಸ್‌ಮೆಂಟಿನಲ್ಲಿದ್ದೆ. ಆರೂ ಮುಕ್ಕಾಲಿನವರೆಗೂ ಎಲ್ಲ ಬೆಳಕಿನಲ್ಲೂ, ಎಲ್ಲ ಕೋನದಲ್ಲೂ ನೋಡಿದೆ. ಟಾರ್ಚು ಅಡ್ಡ ಹಿಡಿದೆ. ಅಲ್ಲೊಂದು ಗೀರು, ಇಲ್ಲೊಂದು ಬಾಗು. ಅಂಕಿ ಎಂದು ಪ್ರಮಾಣ ಮಾಡಿ ಹೇಳುವಂಥದ್ದು ಏನೂ ಇಲ್ಲ. ಅಂದು ಮಹಾನವಮಿ, ಆಯುಧಪೂಜೆ ಬೇರೆ. ವರ್ನಿಯರ್, ಮೈಕ್ರೋಮೀಟರ್, ಅರಗಳ ಪೆಟ್ಟಿಗೆ, ಮಿಕ್ಸಿ, ಎರಡು ಕಾರಿನ ಬೀಗದಕೈ, ಶಾರದೆಯ ಲ್ಯಾಪ್‌ಟಾಪು, ಎಲ್ಲವನ್ನೂ ಎತ್ತರದ ಪ್ರಕಾರ ಜೋಡಿಸಿಟ್ಟು ಸ್ನಾನಕ್ಕೆ ಹೋದೆ.

ನಮ್ಮ ಮನೆಯ ಆಯುಧಪೂಜೆಗೆ ಒಂದು ಲಿಖಿತ ನಿಯಮವಿದೆ: ಉಕ್ಕಿನ ಮೇಲೆ ಒದ್ದೆ ಅರಿಶಿನ ಕುಂಕುಮ ಇಡಬಾರದು, ಪೆಟ್ಟಿಗೆಯ ಮೇಲೆ ಮಾತ್ರ. ಬನ್ನಿ ಮರದ ಮೇಲೆ ವರ್ಷವಿಡೀ ಆಯುಧ ಬಚ್ಚಿಟ್ಟ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಒಂದು ಇಡೀ ಮಳೆಗಾಲ ಕಳೆದೂ ಅವಕ್ಕೆ ತುಕ್ಕು ಏಕೆ ಹಿಡಿಯಲಿಲ್ಲ, ಯಾವ ಎಣ್ಣೆ ಹಚ್ಚಿದ್ದರು ಎಂದು ಚಿಕ್ಕಂದಿನಲ್ಲಿ ಹರಿಕಥೆ ದಾಸರನ್ನು ಕೇಳಿದ್ದೆ. ಅವರು ಪ್ರಸಾದ ಕೊಟ್ಟು ಕಳಿಸಿದರು. ದೇವರ ಆಯುಧದ ಮಾತು ಬೇರೆ. ಮನುಷ್ಯರ ಆಯುಧಕ್ಕೆ ಬೆರಳ ಬೆವರೇ ಸಾಕು, ಮರುದಿನ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎದ್ದು ನಿಲ್ಲುತ್ತದೆ.

ಏಳು ಗಂಟೆಗೆ ಮಡಿಯುಟ್ಟು ಕೆಳಗಿಳಿದು ನೋಡುತ್ತೇನೆ, ಬಂದೂಕಿನ ನಳಿಗೆಯ ಬುಡದಲ್ಲಿ ರೂಪಾಯಿ ಅಗಲದ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ, ತುದಿಗೆ ಒಂದು ಸೇವಂತಿಗೆ.

"ಶಾರದಾ!" ನನ್ನ ಕೂಗಿಗೆ ಮೇಲಿನ ಗೊರಕೆ ನಿಂತಿತು.

"ಏನ್ರೀ ಅದು, ಹಬ್ಬದ ದಿನ ಬೆಳಿಗ್ಗೆ!"

"ಸ್ಟೀಲ್ ಮೇಲೆ ಒದ್ದೆ ಇಡಬೇಡ ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ?"

"ಮೂವತ್ತೆಂಟು ವರ್ಷದಿಂದ. ಅಲ್ಲಾರೀ, ಆ ಅಳತೆ ಡಬ್ಬಿಗೆಲ್ಲ ಆಯುಧ ಅಂತ ಪೂಜೆ ಮಾಡ್ಕೊಂಡು ಬಂದಿದೀವಿ. ಇವತ್ತು ನಿಜವಾದ್ ಆಯುಧ ಒಂದು ಮನೆಗೆ ಬಂದಿದೆ. ಅದನ್ನ ಬಿಟ್ಟು ಮಿಕ್ಸಿಗೆ ಹೂವಿಡ್ಲಾ? ಪಾಪ, ಕಾರ್ಲ್ ಮುಖ ನೋಡಿದ್ರಾ ನಿನ್ನೆ? ಅವ್ರಪ್ಪನ್ ಹೆಸರಲ್ಲಿ ಇಟ್ಟೆ ಕಣ್ರೀ."

ಒಣಬಟ್ಟೆ ತೆಗೆದುಕೊಂಡು ಸಿಡುಕುತ್ತಲೇ ಒರೆಸಿದೆ. ಮೇಲಿನದು ಬಟ್ಟೆಗೆ ಬಂತು. ಕೆಳಗಿನದು ಬರಲಿಲ್ಲ. ಉಕ್ಕಿನ ಮೇಲೆ ಕೆಂಪು ಗೆರೆಗಳು ನಿಂತವು: ಒಂದು ಬಾಗು, ಒಂದು ಓರೆ, ಇನ್ನೊಂದು ಓರೆ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಉಳಿದಿದ್ದ ಅಚ್ಚಿನಲ್ಲಿ ಕುಂಕುಮ ಕೂತು, ನಿಲ್ಸ್ ತಿಕ್ಕಿ ಅಳಿಸಿದ್ದ ಸಂಖ್ಯೆ ಪೂರ್ತಿ ಎದ್ದು ಬಂದಿತ್ತು. ಸವೆದ ಅಚ್ಚಿಗೆ ಸೀಮೆಸುಣ್ಣ ತಿಕ್ಕಿ ಓದುವುದು ನಮ್ಮ ಕಸುಬಿನ ಮೊದಲ ಪಾಠ. ಎಲ್ಲ ಪಾಠವನ್ನೂ ಎತ್ತರದ ಪ್ರಕಾರ ಜೋಡಿಸಿಟ್ಟುಕೊಂಡ ನನ್ನ ತಲೆಗೆ ಅದೊಂದು ಹೊಳೆದಿರಲಿಲ್ಲ.

ಭೂತಗನ್ನಡಿ ಹಿಡಿದೆ. ಗೂಡಿನ ಸಂಖ್ಯೆಯೇ ನಳಿಗೆಯದೂ. ಅಷ್ಟು ಸಾಲದು, ಯಾರು ಬೇಕಾದರೂ ಆಮೇಲೆ ಅದೇ ಸಂಖ್ಯೆ ಹೊಡೆಯಬಹುದು. ಇನ್ನೂ ಹತ್ತಿರ ಹೋದೆ. ಸಂಖ್ಯೆಯಲ್ಲಿ ಒಂದು ಏಳು ಇತ್ತು. ಗೂಡಿನ ಮೇಲಿನ ಏಳರ ತಲೆಪಟ್ಟಿಯ ಎಡತುದಿ ಮುರಿದಿತ್ತು, ಮೊಂಡು ಉಗುರಿನ ಹಾಗೆ. ನಳಿಗೆಯ ಮೇಲಿನ ಏಳಕ್ಕೂ ಅದೇ ಎಡತುದಿ, ಅಷ್ಟೇ ಮುರಿದಿತ್ತು. ಒಂದೇ ಅಚ್ಚು, ಒಂದೇ ಬೆಂಚು. ಯಾವುದೋ ಕಾಲದ ಒಬ್ಬ ಸ್ವೀಡನ್ ಕೆಲಸಗಾರ, ಮುರಿದ ಏಳನ್ನು ಎಸೆಯದೆ, ನಾಳೆ ಹೊಸದು ತಂದರಾಯಿತು ಎಂದು ಎರಡು ಏಟು ಹೊಡೆದಿದ್ದ. ನನ್ನ ಕೈಯಲ್ಲಿ ಸಿಕ್ಕಿದ್ದರೆ ಅವನನ್ನು ಫೇಲು ಮಾಡುತ್ತಿದ್ದೆ. ಅಂದು ಮಾತ್ರ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಕಾರ್ಲ್ ಪೈಜಾಮದಲ್ಲೇ ಇಳಿದು ಬಂದ. ನಾನು ಭೂತಗನ್ನಡಿ ಕೊಟ್ಟೆ. ಅಚ್ಚು ಮಾಡುವವನಿಗೆ ಅಚ್ಚಿನ ಬಗ್ಗೆ ವಿವರಿಸುವುದು ಅವಮಾನ. ಅವನು ಗೂಡು ನೋಡಿದ, ನಳಿಗೆ ನೋಡಿದ, ಮತ್ತೆ ಗೂಡು ನೋಡಿದ. "ಆ ಏಳು," ಎಂದ.

"ಹೌದು. ಆ ಏಳು."

ಅವನು ಸ್ಟೂಲಿನ ಮೇಲೆ ಕೂತು ಮೂಗು ಒರೆಸಿಕೊಂಡ. ಶಾರದಾ ಅವನ ಕೈಗೆ ಕಾಫಿ ಲೋಟ ಕೊಟ್ಟಳು.

"ಇನ್ನು ಮೇಳಕ್ಕೆ ಯಾಕ್ರೀ ಹೋಗೋದು, ಬಂದೂಕು ಮನೇಲೇ ಉಳೀತಲ್ಲ," ಎಂದಳು ಶಾರದಾ. ನವಮಿಯಲ್ಲಿ ಪೂಜೆಗಿಟ್ಟ ಆಯುಧವನ್ನು ದಶಮಿಯವರೆಗೆ ಎತ್ತಬಾರದು ಎಂಬುದು ಅವಳ ಲಿಖಿತ ನಿಯಮ. ಆದರೆ ಮಾತು ಕೊಟ್ಟ ಕಾರ್ಲ್ ಹೋಗಬೇಕು, ಅವನ ಅಪ್ಪನ ಮೇಲೆ ಮಾತು ಆಡಿದ ವ್ಯಾಪಾರಿ ಕೇಳಬೇಕು. ಮಂಗಳಾರತಿ ಮುಗಿಸಿ, ಉಂಡು, ಹನ್ನೆರಡೂವರೆಗೆ ಹೊರಟೆವು. ಕುಂಕುಮದ ಸಂಖ್ಯೆಯನ್ನು ಹಾಗೇ ಬಿಟ್ಟಿದ್ದೆ; ಅದೇ ನಮ್ಮ ಸಾಕ್ಷಿ.

ವ್ಯಾಪಾರಿ ಆಗಲೇ ಸ್ಕ್ರೂಡ್ರೈವರ್ ತೆಗೆದಿಟ್ಟುಕೊಂಡಿದ್ದ. ಅದೂ ತಪ್ಪು ಸ್ಕ್ರೂಡ್ರೈವರ್. ಬಾಯಿ ಬೆಣೆಯ ಹಾಗಿದ್ದು ತುದಿ ಮಾತ್ರ ತೆಳ್ಳಗಿತ್ತು. ಅಂಥದ್ದು ಹಳೆಯ ಸ್ಕ್ರೂವಿನ ತಲೆಯ ಸೀಳನ್ನು ಕಿತ್ತುಹಾಕುತ್ತದೆ. ಬಾಯಿ ಸೀಳಿನ ತಳದವರೆಗೂ ಭರ್ತಿಯಾಗಿ ಕೂರಬೇಕು. ಅದನ್ನು ಮೊದಲು ಹೇಳಿದೆ. ಆಮೇಲೆ, "ಎರಡು ಏಳುಗಳನ್ನ ನೋಡಿ," ಎಂದೆ.

ಅವನು ನೋಡಿದ. ಈ ಸಲ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಿತು.

"ಈ ಕೆಂಪು ಏನು? ಪೇಂಟಾ?"

ನಾನು ಬಾಯಿ ತೆರೆಯುವ ಮೊದಲೇ ಕಾರ್ಲ್ ಹೇಳಿದ: "ಇನ್‌ಸ್ಪೆಕ್ಷನ್ ಪೌಡರ್. ಇಂಡಿಯಾದ್ದು. ನಿನ್ನ ಹತ್ತಿರ ಇಲ್ವಾ?"

ವ್ಯಾಪಾರಿ ನಗಲಿಲ್ಲ. ಅವನು ಕೆಟ್ಟವನಲ್ಲ, ಆತುರದವನು. "ಕಾರ್ಖಾನೆಯಲ್ಲೇ ಹೊಡೆದ ನಂಬರು," ಎಂದು ಒಪ್ಪಿದ. "ಸೈನ್ಯದ ಮಾದರಿಯ ಗೂಡನ್ನೇ ಬಳಸಿ ಬೇಟೆ ಬಂದೂಕು ಮಾಡ್ತಿದ್ದರು, ಕೇಳಿದ್ದೇನೆ. ಆದರೂ ಸರ್, ಬಿಡಿಭಾಗಕ್ಕೇ ಗಿರಾಕಿ ಬರೋದು."

"ಗಿರಾಕಿ ನನಗೆ ಬೇಡ," ಅಂದ ಕಾರ್ಲ್. ವಸಂತದ ನಂತರ ಅವನ ಬೆನ್ನು ಅಷ್ಟು ನೇರ ನಿಂತದ್ದನ್ನು ನಾನು ಕಂಡಿರಲಿಲ್ಲ. "ನಿನ್ನೆ ನಮ್ಮಪ್ಪನ ಬಗ್ಗೆ ಒಂದು ಮಾತು ಅಂದೆ. ಅದನ್ನ ವಾಪಸ್ ತಗೋ."

ಪಕ್ಕದ ಮೇಜಿನವರೂ ತಿರುಗಿ ನೋಡಿದರು. ವ್ಯಾಪಾರಿ ಕನ್ನಡಿಯನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮ ತಂದೆ ನಿಜ ಹೇಳಿದ್ದರು ಸರ್."

ಇಷ್ಟೇ. ಚಪ್ಪಾಳೆ ಬೀಳಲಿಲ್ಲ, ಕಾರ್ಲನ ಕೆಲಸ ವಾಪಸು ಬರಲಿಲ್ಲ, ನನ್ನ ಗ್ರಾನೈಟ್ ಹಾಸು ಬಾರ್ಬೆಕ್ಯೂ ಬಿಟ್ಟು ಎದ್ದು ಬರಲಿಲ್ಲ. ದೇಶವೆಲ್ಲ ಬಿಚ್ಚಿ ಮಾರುವವರ ಕೈಗೆ ಸಿಕ್ಕಿದ್ದ ಆ ವರ್ಷ, ಒಂದು ವಸ್ತು ಮಾತ್ರ ಇಡಿಯಾಗಿ ಮನೆಗೆ ಹೊರಟಿತು. ಒಂದೇ ತಾನೇ ಎನ್ನುವವರಿಗೆ ನನ್ನ ಉತ್ತರ: ನಾನು ಜೀವಮಾನವಿಡೀ ಒಂದೊಂದನ್ನೇ ಅಳೆದವನು. ರಾಶಿಯ ಲೆಕ್ಕ ನನಗೆ ಬರುವುದಿಲ್ಲ.

ನಾಲ್ಕು ಗಂಟೆಗೆ ಮನೆ. ಕಾರ್ಲ್ ಕತ್ತಲಾಗುವ ಮುಂಚೆ ಹೊರಡಬೇಕಿತ್ತು. ಅರಿಶಿನದ ನೀರು ತನ್ನ ಕೆಲಸ ಶುರು ಮಾಡಿತ್ತು. ಸಂಖ್ಯೆಯ ಅಂಚಿನಲ್ಲಿ ತಿಳಿ ಕಿತ್ತಳೆ ಬಣ್ಣದ ತುಕ್ಕು ಎದ್ದಿತ್ತು. ಬೋಲ್ಟ್ ತೆಗೆದಿಟ್ಟು, ಹಿಂಬದಿಯಿಂದ ಸರಳು ಹಾಕಿ ನಳಿಗೆಯ ಒಳಗನ್ನು ಒರೆಸಿದೆ. ತುದಿಯಿಂದ ಹಾಕಬಾರದು, ಬಾಯಿ ಸವೆಯುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ನಾಲ್ಕು ಹನಿ, ಅಂಗೈಯಿಂದ ಬಿಸಿಯಾಗುವವರೆಗೆ ಉಜ್ಜಬೇಕು. ಹೆಚ್ಚಾದರೆ ಮರ ಮೆತ್ತಗಾಗುತ್ತದೆ, ಮುದ್ದು ಹೆಚ್ಚಾದ ಮಕ್ಕಳ ಹಾಗೆ. ಕಡೆಗೆ ಸಂಖ್ಯೆಯ ಮೇಲೆ ಎಣ್ಣೆಬಟ್ಟೆ ಇಟ್ಟೆ.

"ಪೂಜೆ ಮಾಡಿದ್ದನ್ನ ಅಳಿಸ್ತೀರಾ? ನಾಳೆವರೆಗಾದ್ರೂ ಬಿಡ್ರೀ," ಎಂದಳು ಶಾರದಾ.

"ವಾಸು, ಬಿಟ್ಟುಬಿಡು," ಎಂದ ಕಾರ್ಲ್ ಕೂಡ. "ಮತ್ತೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಬೇಕು."

"ಬಿಟ್ಟರೆ ಬರುವ ವರ್ಷದ ಹೊತ್ತಿಗೆ ನಂಬರ್ ಜಾಗದಲ್ಲಿ ಗುಂಡಿ ಇರುತ್ತೆ," ಎಂದೆ. "ಯಾರಿಗೂ ತೋರಿಸಬೇಡ. ಕೇಳಿದವರಿಗೆ ನಿಮ್ಮಪ್ಪ ಹೇಳಿದ್ದನ್ನೇ ಹೇಳು. ನಂಬದಿದ್ದರೆ ಅದು ಅವರ ಕಷ್ಟ."

ಒರೆಸಿದೆ. ಎರಡು ಸಲ, ಮೂರು ಸಲ. ಕೆಂಪು ಹೋಯಿತು, ಅದರೊಡನೆ ಸಂಖ್ಯೆಯೂ ಹೋಯಿತು. ಕಾರ್ಲ್ ಬಗ್ಗಿ, ಏನೂ ಕಾಣದ ಆ ಜಾಗವನ್ನು ನೋಡಿ ತಲೆಯಾಡಿಸಿದ. ಬರೀ ಉಕ್ಕು, ತೆಳುವಾದ ಎಣ್ಣೆ. ಆಮೇಲೆ ಉಕ್ಕನ್ನು ಮರಕ್ಕೆ ಹಿಡಿದಿಡುವ ಎರಡು ಸ್ಕ್ರೂ ಉಳಿದವು: ಮೊದಲು ಮುಂದಿನದನ್ನು ಬಿಗಿ ಮಾಡಬೇಕು, ನಂತರ ಹಿಂದಿನದನ್ನು. ಮುಂದಿನದನ್ನು ನಾನು ಬಿಗಿ ಮಾಡಿದೆ. ಹಿಂದಿನದಕ್ಕೆ ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟೆ. ಐದೂ ಇಪ್ಪತ್ತಕ್ಕೆ ಅವನು ಬಿಗಿ ಮುಗಿಸಿದ. ನಾನು ಪಾಸು ಎಂದು ಬರೆದುಕೊಂಡೆ.